ಹೀಟರ್ ಸ್ವಿಚ್ಚಿಗೆ ತೋರಿದ ಬೆರಳು

ಹೆಸರು ಭೀಮಸೇನನಾದರೂ ಆಳು ಕಡ್ಡಿ ಪೈಲ್ವಾನ್. ಮೈಸೂರಿನವನು. ಜಪಾನಿನ ತ್ಸುಕುಬಾದ ಒಂದು ಸಸ್ಯ ಸಂಶೋಧನಾಲಯದಲ್ಲಿ ಡೀಸೆಲ್ ಜನರೇಟರ್ ನೋಡಿಕೊಳ್ಳುವ ಕೆಲಸ. ವರ್ಷಕ್ಕೊಮ್ಮೆಯೂ ಕರೆಂಟ್ ಹೋಗದ ಊರಿನಲ್ಲಿ ಇದೆಂಥ ಕೆಲಸವೆಂದು ಹೆಂಡತಿ ಅಹಲ್ಯಾ ಮೊದಮೊದಲು ನಗುತ್ತಿದ್ದಳು.

ಅಲ್ಲಿನ ಚಳಿಗೆ ಡೀಸೆಲ್ ಎಂಜಿನ್ ಮರಗಟ್ಟಿಬಿಡುತ್ತದೆ. ಅದಕ್ಕೇ ಹೀಟರ್ ಹಾಕಿ ಅದನ್ನು ಹಗಲೂ ರಾತ್ರಿ ಬೆಚ್ಚಗಿಟ್ಟಿರಬೇಕು. ಇದನ್ನೆಲ್ಲ ಕಲಿಸಿದವರು ಹಿರಿಯ ಮೆಕ್ಯಾನಿಕ್ ಕುದೋ-ಸಾನ್; ಸಾನ್ ಎನ್ನುವುದು ಅಲ್ಲಿ ಹೆಸರಿಗೆ ಸೇರಿಸುವ ಗೌರವದ ಮಾತು. ಕೆಲಸ ಮುಗಿಸಿ ಹೊರಡುವಾಗ ಪ್ರತಿ ಸ್ವಿಚ್ಚಿಗೂ ಬೆರಳು ತೋರಿಸಿ "ಹೀಟರ್, ಯೋಶಿ!" ಎಂದು ಕೂಗಬೇಕು; ಯೋಶಿ ಎಂದರೆ ಸರಿಯಿದೆ ಎಂದು. ಭೀಮಸೇನ ಕೂಗಿದ್ದನ್ನು ಕುದೋ-ಸಾನ್ ಇನ್ನೊಮ್ಮೆ ನೋಡಿ ಕೂಗುತ್ತಿದ್ದರು. ಮೊದಲ ವರ್ಷ ಭೀಮಸೇನನಿಗೆ ನಾಚಿಕೆಯಿಂದ ಪ್ರಾಣ ಹೋದಂತಾಗುತ್ತಿತ್ತು. ಆಮೇಲೆ ಮನೆಯಲ್ಲಿ ಗ್ಯಾಸ್ ಆರಿಸಿದಾಗಲೂ ಕೂಗತೊಡಗಿದ.

ಕೊರೋನಾ ಬಂತು. ಮುಚ್ಚಿದ ಕೋಣೆಯಲ್ಲಿ ಕೂಗಬಾರದು, ಬೆರಳು ತೋರಿಸಿದರೆ ಸಾಕು ಎಂದು ಆಫೀಸಿನವರು ಚೀಟಿ ಅಂಟಿಸಿದರು. ೨೦೨೧ರ ಜನವರಿಯ ಒಂದು ಶುಕ್ರವಾರ ಎಂಜಿನ್ನಿನ ಕೂಲೆಂಟ್ ದ್ರವ ಬದಲಿಸಲು ಭೀಮಸೇನನೇ ಹೀಟರ್ ಆರಿಸಿದ್ದ. ಕೆಲಸ ಮುಗಿದ ಮೇಲೆ ಮತ್ತೆ ಹಾಕಬೇಕಿತ್ತು. ಅವತ್ತೇ ಬೆಳಿಗ್ಗೆ ಊರಿಗೆ ಹೋಗುವ ವಿಮಾನ ಮೂರನೇ ಸಲ ರದ್ದಾಗಿತ್ತು. ಹೊರಡುವಾಗ ಬೆರಳು ಸ್ವಿಚ್ಚಿನ ಕಡೆ ಹೋಯಿತು, ಮನಸ್ಸು ಇನ್ನೆಲ್ಲೋ ಇತ್ತು. ಅವನ ಮೇಲಿನ ನಂಬಿಕೆಯಿಂದ ಕುದೋ-ಸಾನ್ ಕೂಡ ಸುಮ್ಮನೆ ಬೆರಳು ತೋರಿಸಿದರು.

ಭಾನುವಾರ ಬೆಳಿಗ್ಗೆ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ. ಮರ ಬಿದ್ದು ಕರೆಂಟ್ ಲೈನ್ ತುಂಡಾಯಿತು. ಜನರೇಟರ್ ಕೆಮ್ಮಿತು, ಬಿಳಿ ಹೊಗೆ ಕಾರಿತು, ಸ್ಟಾರ್ಟ್ ಆಗಲಿಲ್ಲ. ಕೊನೆಗೆ ಬ್ಯಾಟರಿಯೂ ಕೈಕೊಟ್ಟಿತು. ಬಾಡಿಗೆ ಜನರೇಟರ್ ಬರುವಷ್ಟರಲ್ಲಿ ಮಧ್ಯಾಹ್ನ. ಬೆಚ್ಚನೆಯ ಕೋಣೆಯಲ್ಲಿ ಆರು ವರ್ಷದಿಂದ ಬೆಳೆಸಿದ್ದ ಬಾಳೆಯ ತಳಿಗಳೆಲ್ಲ ಕಪ್ಪಾಗಿ ಜೋತುಬಿದ್ದಿದ್ದವು. ಬಾಳೆಲೆಯಲ್ಲಿ ಉಂಡು ಬೆಳೆದವನಿಗೆ ಅದನ್ನು ನೋಡಲಾಗಲಿಲ್ಲ.

ಸೋಮವಾರದ ಮೀಟಿಂಗಿನಲ್ಲಿ ಭೀಮಸೇನ ಬಾಯಿ ತೆರೆಯುವ ಮೊದಲೇ ಕುದೋ-ಸಾನ್ ಎದ್ದು ಸೊಂಟ ಬಗ್ಗಿಸಿದರು.

"ಹೀಟರ್ ಆರಿಸಿದ್ದು ನಾನು. ಮರೆತದ್ದೂ ನಾನೇ."

ಭೀಮಸೇನನ ಕೆಲಸ ಹೋದರೆ ವೀಸಾ ಹೋಗುತ್ತದೆ, ವಾಪಸ್ಸು ಹೋಗಲು ವಿಮಾನವೂ ಇಲ್ಲ ಎಂಬುದು ಆ ಮುದುಕರಿಗೆ ಗೊತ್ತಿತ್ತು. ಭೀಮಸೇನ ಎದ್ದು ಅಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಹೇಡಿತನಕ್ಕೆ ಬೇರೆ ಹೆಸರಿಡುವುದು ಬೇಡ. ಮಾರ್ಚಿನಲ್ಲಿ ಆಫೀಸಿನವರು ಕುದೋ-ಸಾನ್ ಅವರ ಗುತ್ತಿಗೆಯನ್ನು ಮುಂದುವರಿಸಲಿಲ್ಲ.

"ಆಫೀಸ್ನಲ್ಲಿ ಇನ್ನೂ ನಿಜ ಹೇಳಿಲ್ವಾ ರೀ?" ಎಂದು ಅಹಲ್ಯಾ ಒಂದು ದಿನ ಕೇಳಿದಳು.

"ಈಗ ಜಾಬ್ ಹೋದ್ರೆ ಎಲ್ಲಿಗ್ ಹೋಗೋಣ, ನೀನೇ ಹೇಳು."

"ಅವ್ರು ಎಲ್ಲಿಗ್ ಹೋದ್ರು ಅಂತಾದ್ರೂ ಕೇಳಿದ್ರಾ?"

ಕೇಳಲು ಅವನಿಗೆ ಮುಂದಿನ ಜನವರಿಯಾಯಿತು. ಅವರಿರುವ ಜಾಗ ತಿಳಿದ ಮೇಲೆ ನಾಲ್ಕು ಸಾಲಿನ ಕ್ಷಮೆಯನ್ನು ಜಪಾನಿಯಲ್ಲಿ ಬಾಯಿಪಾಠ ಮಾಡಿಕೊಂಡು ಸೈಕಲ್ ತುಳಿದು ಹೋದ. ರಸ್ತೆ ರಿಪೇರಿಯ ಜಾಗದಲ್ಲಿ ಕುದೋ-ಸಾನ್ ಹೆಲ್ಮೆಟ್ ಹಾಕಿಕೊಂಡು, ಕೆಂಪು ಬಾವುಟ ಹಿಡಿದು ವಾಹನ ನಿಲ್ಲಿಸುತ್ತಿದ್ದರು. ಅರವತ್ತೆಂಟು ವರ್ಷ. ಆ ಚಳಿಯಲ್ಲೂ ಹೊರಗೇ ನಿಂತು ಮಾಡುವ ಕೆಲಸ. ಇವನನ್ನು ಕಂಡು ಅವರ ಕಣ್ಣು ಅರಳಿತು.

"ಭೀಮಾ-ಸಾನ್! ಹೀಟರ್ ಹೇಗಿದೆ?"

ಭೀಮಸೇನನ ಬೆರಳು ತಾನಾಗಿಯೇ ಎದ್ದಿತು. "ಯೋಶಿ!" ಎಂದು ಕೂಗಿದ.

ಕುದೋ-ಸಾನ್ ನಕ್ಕು, ಸಾಲುಗಟ್ಟಿದ್ದ ಲಾರಿಗಳ ಕಡೆ ತಿರುಗಿದರು. ಭೀಮಸೇನ ಸೈಕಲ್ ಹತ್ತಿ ಬಂದುಬಿಟ್ಟ. ನಾಲ್ಕು ಸಾಲಿನಲ್ಲಿ ಒಂದನ್ನೂ ಹೇಳಿರಲಿಲ್ಲ.