ಸುಶೀಲಕ್ಕನ ಬುಧವಾರ

ಹೆಣೆಯುವಾಗ ಸುಶೀಲಕ್ಕ ಕಡ್ಡಿಗಳ ಕಡೆ ನೋಡುತ್ತಲೇ ಇರಲಿಲ್ಲ. ಎದುರಿಗಿದ್ದವರ ಮುಖವನ್ನೇ ನೋಡುತ್ತಿದ್ದರು. ಕೈಗಳು ತಮ್ಮ ಪಾಡಿಗೆ ಸ್ವೆಟರಿನ ತೋಳು ಬೆಳೆಸುತ್ತಿದ್ದವು. ಬಾರ್ಟ್ ರೈಲಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ ಹುಡುಗರು ಇವರನ್ನು ವಿಚಿತ್ರವಾಗಿ ನೋಡಿದರೆ ಇವರೂ ತಿರುಗಿ ನೋಡುವರು. ಕಣ್ಣು ತಪ್ಪಿಸುತ್ತಿದ್ದವರು ಹುಡುಗರೇ.

ಹುಬ್ಬಳ್ಳಿಯವರು. ಅಮೆರಿಕದ ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಕೆಳಗಿನ ಮನೆ. ಗಂಡಂದಿರ ವೀಸಾ ಹಿಡಿದು ಬಂದು, ಕೆಲಸಕ್ಕೆ ಹೋಗುವ ಹಕ್ಕಿಲ್ಲದೆ ಕೂತಿದ್ದ ನಮ್ಮಂಥ ಐದಾರು ಹೆಂಗಸರಿಗೆ ಬುಧವಾರ ಬೆಳಿಗ್ಗೆ ಕ್ಲಬ್‌ಹೌಸಿನಲ್ಲಿ ಹೆಣಿಗೆ, ಕ್ರೋಷಾ ಕಲಿಸುತ್ತಿದ್ದರು. ಹಾಸನದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಾನು ಒಂದು ಕುಣಿಕೆ ಹಾಕಲು ಒದ್ದಾಡುತ್ತಿದ್ದೆ. ತಪ್ಪಿದರೆ ಅವರಲ್ಲಿ ಕರುಣೆಯಿಲ್ಲ. “ಬಿಚ್ಚು ತಂಗಿ. ತಪ್ಪು ಮುಚ್ಚಿ ಮುಂದ ಹೋಗೂದು ನನ್ನ ಕಡೆ ನಡಿಯಂಗಿಲ್ಲ.”

ಒಂದು ಬುಧವಾರ ಅಪಾರ್ಟ್‌ಮೆಂಟಿನ ಮ್ಯಾನೇಜರ್ ಬಂದು, ಇಲ್ಲಿ ಕ್ಲಾಸು ನಡೆಸುವಂತಿಲ್ಲ ಎಂದ. ನಾವು ಚೀಲ ಎತ್ತಿಕೊಂಡು ನಿಂತೆವು. ಸುಶೀಲಕ್ಕ ಕೂತೇ ಇದ್ದರು. ತಮ್ಮ ಹರಕುಮುರುಕು ಇಂಗ್ಲಿಷಿನಲ್ಲಿ, ಬಾಡಿಗೆಯವರು ಇಲ್ಲಿ ಕೂತು ಮಾತಾಡಬಹುದೋ ಎಂದು ಕೇಳಿದರು. ಧಾರಾಳವಾಗಿ ಎಂದ ಆತ. “ಹಂಗಾರ ಕೂಡ್ರಿ” ಎಂದು ನಮ್ಮತ್ತ ತಿರುಗಿದರು. “ಬಾಯಿ ಮಾತಾಡ್ತದ. ಕೈ ಏನು ಮಾಡ್ತದ ಅನ್ನೂದು ಅವಂಗ್ಯಾಕ?” ಆತ ಬಾಗಿಲು ಎಳೆದುಕೊಂಡು ಹೋದ. ಮತ್ತೆ ಬರಲಿಲ್ಲ.

ನನ್ನ ಮಗಳ ಹುಟ್ಟುಹಬ್ಬಕ್ಕೆ ಬಂದ ನನ್ನ ಗಂಡನ ಗೆಳೆಯನೊಬ್ಬ, ಅಲ್ಲೂ ಹೆಣೆಯುತ್ತಾ ಕೂತಿದ್ದ ಸುಶೀಲಕ್ಕನಿಗೆ, “ಮಾಲಲ್ಲಿ ಸ್ವೆಟರು ಸೇಲಲ್ಲೇ ಸಿಗುತ್ತಲ್ಲ ಆಂಟಿ, ಸುಮ್ನೆ ಟೈಮ್ ವೇಸ್ಟು” ಎಂದ. “ಊಟಾನೂ ಹೋಟೆಲಿನ್ಯಾಗ ಸಿಗ್ತದಪಾ. ಮನ್ಯಾಗ ಒಲಿ ಯಾಕ ಇಟ್ಕೊಂಡೀರಿ?” ಎಂದು ಕೇಳಿ, ಅವನು ಉತ್ತರ ಹೇಳುವವರೆಗೂ ಅವನ ಮುಖ ನೋಡುತ್ತಲೇ ಇದ್ದರು.

ಆಮೇಲೆ ಸಾಫ್ಟ್‌ವೇರ್ ಕಂಪನಿಗಳು ಒಂದೊಂದಾಗಿ ಮುಚ್ಚತೊಡಗಿದವು. ನನ್ನ ಗಂಡನ ಕೆಲಸವೂ ಹೋಯಿತು. “ಯಾರಿಗೂ ಹೇಳ್ಬೇಡ” ಎಂದಿದ್ದರು ಅವರು. ದಿನಾ ಬೆಳಿಗ್ಗೆ ಶರ್ಟು ಇಸ್ತ್ರಿ ಮಾಡಿ ತೊಟ್ಟು ಕಾರು ಹತ್ತಿ ಹೋಗುತ್ತಿದ್ದರು. ಹೀಗಿರುವಾಗ ಒಂದು ಬುಧವಾರ ಸುಶೀಲಕ್ಕ ಎಂದಿನಂತೆ ಬಂದು ಕೂತು ಹೇಳಿದರು: “ನಮ್ಮ ಮನಿಯವರ ನೌಕರಿ ಹೋತು. ವೀಸಾನೂ ಹೋತು. ಮುಂದಿನ ವಾರ ಊರಿಗೆ ಹೊಂಟೀವಿ. ತಲಿ ತಗ್ಗಿಸೂವಂಥಾದ್ದು ನಾವೇನೂ ಮಾಡಿಲ್ಲ. ಹ್ಞೂಂ, ಕಡ್ಡಿ ತಗೀರಿ.”

ಯಾರೂ ತೆಗೆಯಲಿಲ್ಲ. “ನಮ್ಮವರದ್ದೂ ಹೋಗಿದೆ ಅಕ್ಕಾ” ಎಂದೆ. ಪಕ್ಕದಲ್ಲಿದ್ದ ಮಂಡ್ಯದ ಗೀತಾ ನನ್ನ ಮೊಣಕಾಲ ಮೇಲೆ ಕೈಯಿಟ್ಟು, “ನಮ್ಮನೇಲೂ” ಎಂದಳು.

ಅಂದು ಸಂಜೆ ಗಂಡನಿಗೆ ಹೇಳಿದೆ, ಎಲ್ಲರಿಗೂ ತಿಳಿಸಿಬಿಟ್ಟೆ ಎಂದು. ಅವರು ಸಿಟ್ಟಾದರು, ಆಮೇಲೆ ಸೋಫಾದ ಮೇಲೆ ಕುಸಿದು ಕೂತರು. ಮರುದಿನ ಬೆಳಿಗ್ಗೆ ಇಸ್ತ್ರಿ ಶರ್ಟು ತೊಡಲಿಲ್ಲ. ಗೀತಾಳ ಗಂಡನಿಗೆ ಫೋನು ಮಾಡಿದರು.

ಸುಶೀಲಕ್ಕ ಹೊರಡುವ ಹಿಂದಿನ ದಿನವೂ ಬುಧವಾರವೇ. ಬೀಳ್ಕೊಡುಗೆಗೆಂದು ನಾವು ಕೇಸರಿಬಾತು ಮಾಡಿಕೊಂಡು ಹೋದರೆ, ಅವರು ಅದೇ ವಾರ ಬಂದಿದ್ದ ಹೊಸ ಹುಡುಗಿಯೊಬ್ಬಳನ್ನು ಕೂರಿಸಿಕೊಂಡು ಮೊದಲ ಕುಣಿಕೆ ಹಾಕಿಸುತ್ತಿದ್ದರು.

“ಅಕ್ಕಾ, ನಾಳೆ ಹೊರಡ್ತೀರಿ. ಇವಳಿಗೆ ಇವತ್ತು ಶುರು ಮಾಡಿದ್ರೆ ಮುಂದೆ ಯಾರು ಹೇಳ್ಕೊಡೋದು?” ಎಂದೆ.

“ನೀ” ಎಂದರು, ನನ್ನ ಮುಖ ನೋಡುತ್ತಾ.

“ನನಗೇ ಸರಿಯಾಗಿ ಬರಲ್ವಲ್ಲ.”

“ಬರೂದಿಲ್ಲ, ಗೊತ್ತದ. ಕಲಿಸು. ಬರ್ತದ.”

ಮುಂದಿನ ಬುಧವಾರ ಕ್ಲಬ್‌ಹೌಸಿನ ಬಾಗಿಲು ನಾನೇ ತೆರೆದೆ. ಆ ಹುಡುಗಿ ಆಗಲೇ ಬಂದು ಹೊರಗೆ ಕಾಯುತ್ತಿದ್ದಳು.