ಮೂರನೆಯ ಗುಡ್ಡದ ಆಚೆ

ಆ ದಿನಗಳಲ್ಲಿ ನಮ್ಮ ಕಡೆ ಹೆಂಗಸೊಬ್ಬಳು ಊರ ಅಗಸಿ ದಾಟಬೇಕಾದರೆ ಕೈಯಲ್ಲಿ ಏನಾದರೂ ಇರಬೇಕಿತ್ತು. ಕುಡಗೋಲು, ಬುತ್ತಿಗಂಟು, ಕೊಡ, ಏನೂ ಇಲ್ಲದಿದ್ದರೆ ಕಂಕುಳಲ್ಲಿ ಒಂದು ಕೂಸು. ಬರಿಗೈಯಲ್ಲಿ ಹೊರಟವಳನ್ನು ಕಟ್ಟೆಯ ಮೇಲೆ ಕುಳಿತವರು ಸುಮ್ಮನೆ ಬಿಡುತ್ತಿರಲಿಲ್ಲ. "ಎಲ್ಲಿಗೆ ಹೊಂಟಿಯವ್ವ?" ಎಂದು ಒಬ್ಬರಾದರೂ ಕೇಳಿಯೇ ಕೇಳುತ್ತಿದ್ದರು. ನನ್ನ ವಯಸ್ಸಿನವರಿಗೆ ಇದು ನೆನಪಿರಬೇಕು.

ಚಿಮಣಿ ಎಣ್ಣೆ ರೇಶನ್ ಆಗಿದ್ದ ಯುದ್ಧದ ವರ್ಷಗಳು. ನನಗೆ ಹತ್ತು ತುಂಬಿತ್ತು. ನಮ್ಮ ಊರು ಹಂಸಭಾವಿಯಿಂದ ಚಿಕ್ಕೇರೂರ ಕಡೆ ಹೋಗುವ ಬಂಡಿದಾರಿಯಿಂದ ಸ್ವಲ್ಪ ಒಳಗೆ. ಊರ ಹಿಂದೆ ಒಂದು ಗುಡ್ಡ. ಗುಡ್ಡ ಎಂದರೆ ದೊಡ್ಡದೇನಲ್ಲ, ಬೆಳಗಿನ ರೊಟ್ಟಿ ತಿಂದು ಹೊರಟರೆ ಬಾಯಿಯ ಖಾರ ಆರುವುದರೊಳಗೆ ತುದಿ ಮುಟ್ಟಬಹುದು. ಮೈತುಂಬ ಕಸಬರಿಗೆಯ ಹುಲ್ಲು ಬೆಳೆಯುತ್ತಿದ್ದುದರಿಂದ ಅದಕ್ಕೆ ಹುಲ್ಲುಗುಡ್ಡ ಎಂದೇ ಹೆಸರು.

ಅಪ್ಪನ ತಂಗಿ ಗಂಗತ್ತೆ ನಮ್ಮ ಮನೆಯಲ್ಲೇ ಇದ್ದಳು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ತೀರಿಕೊಂಡಿದ್ದ. ಅವಳಿಗೆ ಉಡಿಕೆ ಮಾಡಿಬಿಡಿ ಎಂದು ಬೀಗರು ನೆಂಟರು ಆಗಾಗ ಮಾತು ತೆಗೆಯುತ್ತಿದ್ದರು. ಉಡಿಕೆ ಎಂದರೆ ಹಂದರ, ವಾಲಗ ಒಂದೂ ಇಲ್ಲದೆ ಸೀರೆ ಉಡಿಸಿ ಕಳಿಸುವ ಎರಡನೆಯ ಮದುವೆ. ಅತ್ತೆಗೆ ಅದು ಬೇಡವಾಗಿತ್ತು. ಅಪ್ಪನೂ ಒತ್ತಾಯ ಮಾಡಿರಲಿಲ್ಲ. "ಅದರ ಪಾಡಿಗೆ ಅದು ದುಡಕೊಂಡು ಐತಿ, ಇರಲಿ ಬಿಡ್ರಿ" ಎಂದು ಬಂದವರನ್ನು ಚಹಾ ಕುಡಿಸಿ ಕಳಿಸುತ್ತಿದ್ದ.

ಆದರೆ ಅತ್ತೆ ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು. ಕಸ ಹೊಡೆಯುವಾಗಲೂ ಅವಳ ಕಣ್ಣು ಹಿತ್ತಲ ಗೋಡೆಯ ಆಚೆಗೇ. ನಾನೂ ಹಾಗೆಯೇ ಇದ್ದೆ. ಕುಂಟಾಟದಲ್ಲಿ ಎರಡು ಮನೆ ಜಿಗಿಯುವುದರೊಳಗೆ ಬೇಸರ ಬಂದು ಆಟ ಕೆಡಿಸಿ, ಗೆಳತಿಯರಿಂದ ಬೈಸಿಕೊಳ್ಳುತ್ತಿದ್ದೆ. ಒಬ್ಬಳೇ ಗುಡ್ಡಕ್ಕೆ ಹೋದರೆ ಅತ್ತೆಯನ್ನು ಊರು ಬಿಡುತ್ತಿರಲಿಲ್ಲ, ನನ್ನನ್ನು ಅವ್ವ ಬಿಡುತ್ತಿರಲಿಲ್ಲ. ಹೀಗಾಗಿ ಅವಳಿಗೆ ನಾನು ನೆಪ, ನನಗೆ ಅವಳು ನೆಪ, ಇಬ್ಬರಿಗೂ ಕೂಡಿ ಕಸಬರಿಗೆಯ ಹುಲ್ಲು ನೆಪ.

ಶೀಗಿ ಹುಣ್ಣಿಮೆ ಕಳೆದು ಹುಲ್ಲು ಹಣ್ಣಾಗುತ್ತಿದ್ದಂತೆ ಹೊರಡುತ್ತಿದ್ದೆವು. ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ, ಒಂದು ಉಳ್ಳಾಗಡ್ಡಿ ಕಟ್ಟಿಕೊಂಡು ಹೋಗುವುದು. ಅತ್ತೆ ಸರಸರನೆ ಒಂದು ಹೊರೆ ಹುಲ್ಲು ಕೊಯ್ದು, ಬಿಗಿದು, ಬಂಡೆಯ ಮರೆಗೆ ಇಟ್ಟುಬಿಡುವಳು. ಅಲ್ಲಿಗೆ ಕೆಲಸ ಮುಗಿಯಿತು. ಆಮೇಲೆ ತುದಿಗೆ ಹತ್ತಿ ಕೂಡುವುದು. ಕೂಡುವುದು ಎಂದೆನೇ? ಅಲ್ಲಿ ಅವಳು ಕೂತದ್ದನ್ನು ನಾನು ಕಂಡಿಲ್ಲ. ರೊಟ್ಟಿಯನ್ನು ಕೈಯಲ್ಲಿ ಹಿಡಿದು ಈ ಕಲ್ಲಿನಿಂದ ಆ ಕಲ್ಲಿಗೆ ಓಡಾಡುತ್ತಲೇ ತಿನ್ನುತ್ತಿದ್ದಳು. ಒಣಹುಲ್ಲಿನ ವಾಸನೆ, ಎಲ್ಲೋ ಹಣ್ಣಾದ ಸೀತಾಫಲದ ವಾಸನೆ, ಕಿವಿಯಲ್ಲಿ ಗಾಳಿ. ಕೆಳಗೆ ನಮ್ಮ ಊರು ಅಂಗೈಯಷ್ಟಾಗಿ ಕಾಣುತ್ತಿತ್ತು. ಅದರ ಕಡೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ.

"ಅತ್ತ ನೋಡ ಚೆನ್ನಿ. ಅಕಾ, ಅಲ್ಲೊಂದು ಗುಡ್ಡ ಐತಿ. ಅದರಾಚೆ ಏನೈತೋ!"

ಮನೆಗೆ ಬಂದು ನಾನು ಈ ಮಾತು ಹೇಳಿದಾಗ ಅವ್ವ ನಕ್ಕಳು. "ದೂರದ ಗುಡ್ಡ ಕಣ್ಣಿಗೆ ನುಣ್ಣಗ."

"ನುಣ್ಣಗ ಐತೋ ಇಲ್ಲೋ, ಹೋಗಿ ನೋಡಿದ್ರಲ್ಲನ ವೈನಿ ತಿಳಿಯೂದು?" ಎಂದಳು ಅತ್ತೆ.

ಮುಂದಿನ ವಾರ ಎರಡನೆಯ ಗುಡ್ಡವನ್ನೂ ಹತ್ತಿದೆವು. ಅಲ್ಲಿಂದ ನೋಡಿದರೆ ಮೂರನೆಯದು! ತುದಿಯಲ್ಲಿ ಒಂದೇ ಒಂದು ಮರ. ಅದಕ್ಕೆ ಹೆಸರು ಗೊತ್ತಿರಲಿಲ್ಲವಾದ್ದರಿಂದ 'ಆಚೇದು' ಎಂದು ಕರೆದೆವು. ಅಂದಿನಿಂದ ಇಬ್ಬರಿಗೂ ನಿದ್ದೆ ಸರಿಯಾಗಿ ಹತ್ತಲಿಲ್ಲ. ರೊಟ್ಟಿ ಬಡಿಯುತ್ತ ಅತ್ತೆ ನನ್ನ ಕಿವಿಯಲ್ಲಿ "ಆಚೇದಕ್ಕ ಎಂದ ಹೋಗೂಣು?" ಎನ್ನುವಳು. ನಾನು ಅಪ್ಪ ಸಂತೆಗೆ ಹೋಗುವ ದಿನವನ್ನು ಕಾಯತೊಡಗಿದೆ.

ಆ ದಿನ ಬಂತು. ಹುಲ್ಲು ಕೊಯ್ದು ಎಂದಿನಂತೆ ಬಂಡೆಯ ಮರೆಗೆ ಇಟ್ಟು, ಎರಡು ಗುಡ್ಡ ಹತ್ತಿ ಇಳಿದು, ಆಚೇದರ ಬುಡಕ್ಕೆ ಬಂದಾಗ ಹೊತ್ತು ನೆತ್ತಿಯಿಂದ ವಾಲಿತ್ತು. ಅರ್ಧಕ್ಕಿಂತ ಮೇಲೆ ಹತ್ತಿದ್ದೆವು. ತುದಿಯ ಮರದ ಎಲೆ ಅಲ್ಲಾಡುವುದೂ ಕಾಣುತ್ತಿತ್ತು. ಅಷ್ಟರಲ್ಲಿ ನನ್ನ ಬರಿಗಾಲಿಗೆ ಜಾಲಿಮುಳ್ಳು ನಟ್ಟು ಒಳಗೇ ಮುರಿಯಿತು. ಕಾಲೂರಲಿಕ್ಕೆ ಆಗಲಿಲ್ಲ.

ಅತ್ತೆ ಮೇಲೆ ನೋಡಿದಳು, ನನ್ನನ್ನು ನೋಡಿದಳು. "ನೀ ಇಲ್ಲೇ ಕುಂದ್ರ. ಓಡಿ ಹೋಗಿ ನೋಡಿ ಬಂದಬಿಡ್ತೇನಿ. ಬಂದು ನಿನಗ ಎಲ್ಲಾ ಹೇಳ್ತೇನಿ."

ಹತ್ತು ಹೆಜ್ಜೆ ಹೋಗಿರಬೇಕು. ನಾನು ಬಾಯಿ ತೆಗೆದು ಅಳತೊಡಗಿದೆ. ಅದು ಹೆದರಿಕೆಯ ಅಳುವಲ್ಲ, ನೋವಿನದೂ ಅಲ್ಲ, ಬರೀ ಹೊಟ್ಟೆಕಿಚ್ಚಿನದು. "ನನ್ನ ಬಿಟ್ಟು ನೀ ಒಬ್ಬಾಕಿನ ನೋಡಬ್ಯಾಡ!" ಎಂದು ಚೀರಿದೆ. ಅವಳು ನಿಂತಳು. ಮತ್ತೊಮ್ಮೆ ಆ ಮರ ನೋಡಿ ಇಳಿದು ಬಂದಳು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ.

ನನ್ನನ್ನು ಬೆನ್ನ ಮೇಲೆ ಹೊತ್ತು ಎರಡು ಗುಡ್ಡ ದಾಟಿದಳು. ನಾನೇ ಒಂದು ಹೊರೆಯಾದ ಮೇಲೆ ಹುಲ್ಲಿನ ಹೊರೆ ಹೊರುವುದೆಲ್ಲಿ? ಅದು ಬಂಡೆಯ ಮರೆಯಲ್ಲೇ ಉಳಿಯಿತು.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದಾಗ ಅಪ್ಪ ಸಂತೆಯಿಂದ ಬಂದು ಪಡಸಾಲೆಯಲ್ಲಿ ಕೂತಿದ್ದ. ಅವ್ವ ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಸೂಜಿಯಿಂದ ಮುಳ್ಳು ಕೆದಕತೊಡಗಿದಳು.

"ಹೊತ್ತು ಮುಳುಗೂತನಕ ಎಲ್ಲಿದ್ರಿ? ಹುಲ್ಲೆಲ್ಲಿ?" ಎಂದ ಅಪ್ಪ.

"ಹುಡುಗಿಗೆ ಮುಳ್ಳು ನಟ್ಟಿತ್ತಣ್ಣ. ಹೊರಿ ಹುಲ್ಲುಗುಡ್ಡದಾಗ ಐತಿ," ಎಂದಳು ಅತ್ತೆ.

ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನ್ನ ಹೊಟ್ಟೆಯಲ್ಲಿ ಮಾತು ಎಲ್ಲಿ ನಿಲ್ಲಬೇಕು! ಅಷ್ಟು ದೂರ ಹೋಗಿಬಂದದ್ದನ್ನು ಬರೀ ಹುಲ್ಲುಗುಡ್ಡ ಎಂದುಬಿಟ್ಟಳಲ್ಲ ಎಂದು ಸಿಟ್ಟೂ ಬಂತು.

"ಮುಳ್ಳು ನಟ್ಟಿದ್ದು ಹುಲ್ಲುಗುಡ್ಡದಾಗ ಅಲ್ಲಪ್ಪ, ಆಚೇದರ ಮ್ಯಾಲ! ಎರಡು ಗುಡ್ಡ ದಾಟಿ ಹೋಗಿದ್ವಿ."

"ಅಲ್ಲೇನು ಕೆಲಸ ಇತ್ತು?"

"ಕೆಲಸ ಏನಿಲ್ಲ. ಸುಮ್ಮನ. ಏನು ಕಾಣತೈತಿ ನೋಡಾಕ."

ಅವ್ವನ ಸೂಜಿ ನಿಂತಿತು. ಅಪ್ಪ ಅತ್ತೆಯ ಕಡೆ ತಿರುಗಿ ತಣ್ಣಗೆ ಕೇಳಿದ, "ಸುಮ್ಮನ ಯಾರರೆ ಗುಡ್ಡ ಹತ್ತತಾರೇನು ಗಂಗವ್ವ? ಯಾರನ್ನ ಕಾಣಾಕ ಹೋಗಿದ್ದಿ?"

"ಯಾರನ್ನೂ ಇಲ್ಲಣ್ಣ. ಹುಡುಗಿ ಹೇಳಿದ್ದು ಖರೇ ಐತಿ."

ಖರೇ ಇತ್ತು, ಆದರೆ ಯಾರೂ ನಂಬಲಿಲ್ಲ. ಸೌದೆ ಕದಿಯಲು ಹೋಗಿದ್ದೆವು ಎಂದಿದ್ದರೆ ಅಪ್ಪ ನಾಲ್ಕು ಬೈದು ಬಿಟ್ಟುಬಿಡುತ್ತಿದ್ದ. ಅವನು ಕೆಟ್ಟವನಲ್ಲ. ಕೆಲಸವಿಲ್ಲದೆ ಗುಡ್ಡ ಹತ್ತುವ ಹೆಂಗಸನ್ನು ಅವನು ಕಂಡಿರಲಿಲ್ಲ, ಅಷ್ಟೇ.

ಸಂಕ್ರಮಣ ಬರುವುದರೊಳಗೆ ಅತ್ತೆಯ ಉಡಿಕೆ ಆಗಿಹೋಯಿತು. ಸವಣೂರಿನ ಆಚೆ, ಕರಿಮಣ್ಣಿನ ಎರಿಭೂಮಿಯ ಊರು. ಗಂಡ ವಯಸ್ಸಾದ ರೈತ. ಚಕ್ಕಡಿ ಹತ್ತುವಾಗ ಅವಳು ಅಳಲಿಲ್ಲ. ನನ್ನ ಕಿವಿಯ ಹತ್ತಿರ ಬಾಗಿ, "ನೀ ಹೋಗಿ ನೋಡಿ ಬಾ. ನನಗ ಬಂದು ಹೇಳ," ಎಂದಳು.

ನಾನು ಹೋಗಲಿಲ್ಲ. ಮೊದಲು ಕಾಲು ಕೀವಾಗಿ ಮಲಗಿದೆ, ಆಮೇಲೆ ಜೊತೆಗೆ ಯಾರೂ ಇರಲಿಲ್ಲ, ಆಮೇಲೆ ಮೈನೆರೆದೆ, ಆಮೇಲೆ ಹಾನಗಲ್ಲಿಗೆ ಸೊಸೆಯಾಗಿ ಹೋದೆ. ನೆಪಕ್ಕೆ ಏನು ಬರ?

ಅತ್ತೆಯ ಮನೆಗೆ ನಾನು ಹೋದದ್ದು ಎಷ್ಟೋ ವರ್ಷಗಳ ಮೇಲೆ. ನಾಯಿಗೆ ಹೊಡೆಯಲು ಒಂದು ಕಲ್ಲು ಸಿಗದ ನೆಲ ಅದು. ಕಣ್ಣು ಹಾಯಿಸಿದಷ್ಟೂ ಜೋಳ, ಹತ್ತಿ, ಸಪಾಟು. ಕೆಟ್ಟ ಮನೆಯೇನಲ್ಲ. ಎರಡು ಮಕ್ಕಳಾಗಿದ್ದವು, ಹೊಟ್ಟೆಬಟ್ಟೆಗೆ ಕಡಿಮೆಯಿರಲಿಲ್ಲ. ಊಟವಾದ ಮೇಲೆ ಮೆಣಸಿನಕಾಯಿ ತಿರುವುವ ನೆಪದಿಂದ ಏಣಿ ಹತ್ತಿಸಿ ನನ್ನನ್ನು ಮಾಳಿಗೆಗೆ ಕರೆದೊಯ್ದಳು. ಊರಲ್ಲೆಲ್ಲ ಎತ್ತರದ ಜಾಗ ಅದೇ. ಕೂದಲು ಅರ್ಧ ಬೆಳ್ಳಗಾಗಿದ್ದರೂ ಅವಳು ಕೂಡಲಿಲ್ಲ, ಈ ಮೂಲೆಯಿಂದ ಆ ಮೂಲೆಗೆ ಓಡಾಡಿದಳು. ಕೆಂಪು ಕಾಯಿಯ ಘಾಟು ನನ್ನ ಮೂಗಿಗೆ ಏರುತ್ತಿತ್ತು.

"ಹೋಗಿದ್ಯಾ?" ಎಂದಳು. ಎಲ್ಲಿಗೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಹೋಗಿದ್ನಿ ಅತ್ತಿ."

"ತುದಿತನಕ?"

"ತುದಿತನಕ. ಮರದ ಬುಡಕ್ಕ ನಿಂತು ನೋಡಿದ್ನಿ."

"ಆಚೆ ಏನಿತ್ತು?"

ಅಂದು ಒಂದು ಖರೇ ಮಾತಿನಿಂದ ಅವಳನ್ನು ಈ ಸಪಾಟು ನೆಲಕ್ಕೆ ತಂದು ಹಾಕಿದ್ದೆ. ಈಗ ಅವಳ ಮುಖ ನೋಡುತ್ತ ಹೇಳಿದೆ, "ಮತ್ತೊಂದು ಗುಡ್ಡ ಇತ್ತತ್ತಿ. ಅದಕ್ಕಿಂತ ದೊಡ್ಡದು."

ಅವಳು ನಕ್ಕುಬಿಟ್ಟಳು. "ನನಗ ಗೊತ್ತಿತ್ತು," ಎಂದಳು. "ಗೊತ್ತಿತ್ತು ನನಗ." ಆಮೇಲೆ ಮೊದಲ ಸಲ, ನನ್ನ ಮಗ್ಗುಲಲ್ಲಿ ಕಾಲು ಚಾಚಿ ಕೂತಳು.

ಅವಳು ತೀರಿಹೋಗಿ ಬಹಳ ವರ್ಷವಾಯಿತು. ಈಗ ನಮ್ಮ ಕಡೆ ಹೆಣ್ಣುಮಕ್ಕಳು ಬರಿಗೈಯಲ್ಲಿ ಊರು ದಾಟುತ್ತಾರೆ, ಎಲ್ಲಿಗೆ ಎಂದು ಕೇಳಲು ಕಟ್ಟೆಯ ಮೇಲೆ ಯಾರೂ ಕೂತಿರುವುದಿಲ್ಲ. ಅದಕ್ಕೆ ನನಗೆ ಸಂತೋಷವೇ. ಹೋದ ವರ್ಷ ಮೊಮ್ಮಗಳ ಕೈ ಹಿಡಿದು, ಅಂತೂ ಒಮ್ಮೆ ನೋಡಿಬಿಡೋಣ ಎಂದು ಬಂಡಿದಾರಿ ಟಾರು ರಸ್ತೆಯಾದಲ್ಲಿ ಬಸ್ಸಿನಿಂದ ಇಳಿದು ಹೋದೆ. ಹುಲ್ಲುಗುಡ್ಡ ಇತ್ತು, ಎರಡನೆಯದೂ ಇತ್ತು. ಆಚೇದನ್ನು ರಸ್ತೆಯ ಖಡಿಗಾಗಿ ಒಡೆದೊಡೆದು ಸಾಗಿಸಿದ್ದರು. ಮರವಿಲ್ಲ, ಮರ ನಿಂತ ನೆಲವೂ ಇಲ್ಲ, ಕೆಳಗೆ ನೀರು ನಿಂತ ಹೊಂಡ, ಅದರಾಚೆಗೂ ಹಾಗೇ ಒಡೆದ ನೆಲ. ಅತ್ತೆಗೆ ನಾನು ಹೇಳಿದ್ದು ಸುಳ್ಳೋ ಖರೆಯೋ ಎಂದು ಹತ್ತಿ ನೋಡಲು ಇನ್ನು ಯಾರಿಗೂ ಆಗುವುದಿಲ್ಲ.