ಶ್ರಾವಣಕ್ಕೊಂದು ಕ್ಯಾಸೆಟ್ಟು

ನಮ್ಮ ಮನೆಯಲ್ಲಿ ವರ್ಷಗಳನ್ನು ಇಸವಿಯಿಂದ ಗುರುತಿಸುತ್ತಿರಲಿಲ್ಲ, ಕ್ಯಾಸೆಟ್ಟಿನಿಂದ ಗುರುತಿಸುತ್ತಿದ್ದೆವು. ಮಗಳು ಹುಟ್ಟಿದ್ದು ಬಿಲ್ವಪತ್ರಿಯ ವರ್ಷ. ಮಾಳಿಗೆಯ ತೊಲೆ ಬದಲಿಸಿದ್ದು ಹಳದಿ ರುಮಾಲಿನ ವರ್ಷ, ಅಂದರೆ ಹೊದಿಕೆಯ ಫೋಟೋದಲ್ಲಿ ಇವರು ಹಳದಿ ರುಮಾಲು ಸುತ್ತಿಕೊಂಡು ಮದುಮಗನ ಹಾಗೆ ಕೂತ ವರ್ಷ. ನನ್ನ ಗಂಡ ಪ್ರತಿ ಶ್ರಾವಣಕ್ಕೂ ಭಜನಾ ಪದಗಳ ಒಂದು ಕ್ಯಾಸೆಟ್ಟು ತರುತ್ತಿದ್ದರು. ಮುಂದೆ ಅದು ಸಿ.ಡಿ. ಆಯಿತು, ಆಮೇಲೆ ಮೆಮೊರಿ ಕಾರ್ಡು, ಈಗೀಗ ಬರೀ ಮೊಬೈಲಿನಲ್ಲಿ ಬಿಡುವುದು. ನಾವು ಮಾತ್ರ ಕೊನೆಯವರೆಗೂ ಕ್ಯಾಸೆಟ್ಟು ಅಂತಲೇ ಕರೆದೆವು.

ಹಗಲು ಅವರು ರೋಣದ ಪೇಟೆಯಲ್ಲಿ ಅಣ್ಣನ ಕಡಲೆ-ಜೋಳದ ಅಂಗಡಿ ನೋಡಿಕೊಳ್ಳುತ್ತಿದ್ದರು, ಸಂಜೆ ಮಠದಲ್ಲಿ ಭಜನೆ. ಬೇಸಿಗೆ ಮುಗಿಯುವ ಹೊತ್ತಿಗೆ ಮೇಳದವರೆಲ್ಲ ಗಜೇಂದ್ರಗಡದ ಸ್ಟುಡಿಯೋಕ್ಕೆ ಹೋಗಿ ಹಾಡಿ ಬರುವರು. ಶ್ರಾವಣದ ಮೊದಲ ಸೋಮವಾರ ನಸುಕಿನಲ್ಲಿ ಮಠದ ಮೈಕಿಗೆ ಹೊಸ ಪದ ಹಚ್ಚುವರು. ಅದನ್ನು ಕೇಳುವವರೆಗೆ ನಮ್ಮ ಓಣಿಯಲ್ಲಿ ಯಾರೂ ಟೀವಿ ಹಚ್ಚುವುದಿಲ್ಲ, ಮೊಬೈಲಿನಲ್ಲಿ ಹಾಡು ಹಾಕುವುದಿಲ್ಲ. ಯಾರು ಈ ನೇಮ ಮಾಡಿದರೋ ಗೊತ್ತಿಲ್ಲ, ನಾನು ಮದುವೆಯಾಗಿ ಬಂದ ಕೆಲವೇ ವರ್ಷಗಳಲ್ಲಿ ಅದು ಗಟ್ಟಿಯಾಗಿ ಕೂತಿತು.

ನರಗುಂದದಲ್ಲೂ ಒಂದು ಮೇಳವಿತ್ತು. ಅವರೂ ವರ್ಷ ತಪ್ಪಿಸದವರು. ಇಬ್ಬರಲ್ಲಿ ಯಾರದು ಉದ್ದದ ಸಾಲು ಅನ್ನುವುದು ಚಹಾದಂಗಡಿಯ ಮುಗಿಯದ ಜಗಳ. ಒಂದು ವರ್ಷ ನರಗುಂದದವರು ಹಳೆಯ ಪದಗಳನ್ನೇ ಹಿಂದುಮುಂದು ಮಾಡಿ, ಹೊಸ ಹೊದಿಕೆ ಹಾಕಿ ತಂದರು. ಅದು ಲೆಕ್ಕಕ್ಕುಂಟೋ ಇಲ್ಲವೋ?

"ಅದ್ಹ್ಯಾಂಗ ಲೆಕ್ಕಕ್ಕ ಬರ್ತೈತಿ? ನಿನ್ನಿ ರೊಟ್ಟಿ ಇವತ್ತ ಕಾಸಿದ್ರ ಹೊಸಾ ರೊಟ್ಟಿ ಆಗತೈತೇನು?" ಎಂದು ನನ್ನ ಮೈದುನ ಕೂಗಾಡುತ್ತಿದ್ದ. ಇವರ ಚಿಕ್ಕಪ್ಪನ ಮಗ, ಮೇಳದಲ್ಲಿ ತಬಲಾ ಅವನದೇ.

ನರಗುಂದದವರೂ ಸುಮ್ಮನಿರುವವರಲ್ಲ. ಲಾಕ್‌ಡೌನಿನ ವರ್ಷ ನಮ್ಮವರಿಗೆ ಸ್ಟುಡಿಯೋ ಸಿಗಲಿಲ್ಲ. ಕಾಳಿನ ಕೋಣೆಯ ಗೋಡೆಗಳಿಗೆಲ್ಲ ನನ್ನ ಕೌದಿಗಳನ್ನು ತೂಗುಹಾಕಿ ಒಳಗೆ ಬೆವರುತ್ತ ಕೂತು ಹಾಡಿದರು. ಮನೆಯಲ್ಲಿ ಹಾಡಿದ್ದು ಕ್ಯಾಸೆಟ್ಟೇ ಅಲ್ಲ ಎಂದು ಆ ಕಡೆಯವರ ತಕರಾರು. ಅದರ ಒಂದು ಪದದಲ್ಲಿ ನಮ್ಮ ಕುಕ್ಕರಿನ ಸೀಟಿ ಕೇಳುತ್ತದೆ. ಆ ಮೇಳದಲ್ಲಿ ನನ್ನ ಪಾಲು ಅಷ್ಟೇ.

ಮಲಪ್ರಭೆ ಏರಿ ಹೊಳೆಮಣ್ಣೂರಿನ ತಾಳದವನ ಮನೆಗೆ ನೀರು ಹೊಕ್ಕ ವರ್ಷವೂ ಕ್ಯಾಸೆಟ್ಟು ಬಂತು. ಅತ್ತೆ ತೀರಿಕೊಂಡ ವರ್ಷವೂ ಬಂತು. ನನ್ನ ಎರಡನೆಯ ಕೂಸು ದಿನ ತುಂಬುವ ಮೊದಲೇ ಹೊಟ್ಟೆಯಲ್ಲಿ ಹೋದ ವರ್ಷವೂ ಬಂತು. ನಾನು ದವಾಖಾನೆಯಿಂದ ಬಂದು ಇನ್ನೂ ಎದ್ದು ಕೂತಿರಲಿಲ್ಲ, ಅವರು ಗಜೇಂದ್ರಗಡಕ್ಕೆ ಹೊರಟು ನಿಂತರು.

"ಈ ವರ್ಷ ಒಂದ ಬಿಡ್ರಿ" ಎಂದೆ.

ಅವರು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು. ಅವರ ಕಣ್ಣೂ ಕೆಂಪಾಗಿತ್ತು, ಸುಳ್ಳು ಹೇಳಬಾರದು. "ಸಾಲು ಒಮ್ಮೆ ಹರಿದ್ರ ಮುಗೀತು, ಮತ್ತ ಕೂಡಂಗಿಲ್ಲ" ಎಂದು ಹೋದರು.

ಆ ವರ್ಷ ಹೊದಿಕೆಯ ಮೇಲೆ ನವಿಲಿತ್ತು. ಅವರ ಎಲ್ಲ ಕ್ಯಾಸೆಟ್ಟುಗಳಲ್ಲಿ ಜನಕ್ಕೆ ಹೆಚ್ಚು ಹಿಡಿಸಿದ್ದೂ ಅದೇ. "ನವಲಿನ ವರ್ಷ ಅಂದ್ರ ಭಾಳ ಚಲೋ ಬಿಡ್ರಿ" ಎಂದು ಇಂದಿಗೂ ಯಾರಾದರೂ ಅನ್ನುತ್ತಾರೆ, ನಾನು ಹಂಚಿನ ಮೇಲಿನ ರೊಟ್ಟಿ ತಿರುವುತ್ತೇನೆ. ಆ ವರ್ಷಕ್ಕೆ ಬೇರೆ ಗುರುತು ಉಳಿಯಲಿಲ್ಲ. ನನಗೆ ಸಿಟ್ಟಿತ್ತು. ಅವರ ಜೊತೆ ನಕ್ಕು, ಜಗಳಾಡಿ, ಮಗಳ ಮದುವೆ ಮಾಡಿ, ಅಷ್ಟೆಲ್ಲ ಬಾಳಿದ ಮೇಲೂ ಆ ಸಿಟ್ಟು ಕರಗಲಿಲ್ಲ.

ಈ ವರ್ಷ ಯುಗಾದಿಗೆ ಮೊದಲು ಅವರು ಅಂಗಡಿಯಲ್ಲಿ ಕಡಲೆ ಚೀಲಕ್ಕೆ ಒರಗಿ ಕೂತವರು ಏಳಲಿಲ್ಲ.

ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ ಅನ್ನುವುದೇ ಸರಿ. ಬಂದವರಿಗೆಲ್ಲ ಮೈದುನನೇ ಹೇಳಿದ, ಹಿಂಗಾತು, ಹಂಗಾತು, ನೀರು ಬೇಡಿದ, ಅಷ್ಟರಾಗ ಹ್ವಾದ ಅಂತ. ನಾನು ಗೋಡೆಗೆ ಒರಗಿ ಕೂತು ಯಾರದೋ ಮನೆಯ ಸುದ್ದಿಯ ಹಾಗೆ ಕೇಳಿದೆ. ಹೆಂಗಸರು ನನ್ನನ್ನು ಅಳಿಸಲು ನೋಡಿದರು. ಗಟ್ಟಿಗಿತ್ತಿ ಎಂದರು ಕೆಲವರು, ಕಲ್ಲಿನಂಥವಳು ಎಂದರು ಉಳಿದವರು. ಎರಡೂ ನನಗೆ ತಾಕಲಿಲ್ಲ. ದಿನಗಳು ಹೋದವು. ಹಸಿವಾದಾಗ ಉಂಡೆ, ಕತ್ತಲಾದಾಗ ಮಲಗಿದೆ.

ಬೇಸಿಗೆಯ ಕೊನೆಗೆ ಒಂದು ಮಧ್ಯಾಹ್ನ ಮೇಳದವರು ಬಂದರು. ಮೈದುನ ಬಹಳ ಹೊತ್ತು ಟೋಪಿಯನ್ನು ಕೈಯಲ್ಲಿ ತಿರುವಿ, "ವೈನಿ, ಅಣ್ಣನ ಮೊಬೈಲಿನ್ಯಾಗ ಈ ವರ್ಷದ ಪದಾ ಅದಾವ. ತಾಲೀಮಿನ್ಯಾಗ ತುಂಬಿದ್ವಿ. ಸ್ಟುಡಿಯೋದವ ತಬಲಾ, ಪೆಟಗಿ ಎಲ್ಲಾ ಆಮ್ಯಾಲೆ ಕೂಡಸ್ತೇನಿ ಅಂದಾನ" ಎಂದ.

ಹಾರ್ಮೋನಿಯಂ ಪೆಟ್ಟಿಗೆ ಬಾರಿಸುವ ಹಿರಿಯರು ಸೇರಿಸಿದರು: "ನಾವ್ ಬಿಟ್ರ ನರಗುಂದದವ್ರು ಮುಂದ ಹೊಕ್ಕಾರವ್ವಾ. ಇಷ್ಟ ವರ್ಷದ ಸಾಲು ನಮ್ಮ ಕೈಯಾಗ ಹರೀಬಾರದು."

ಆ ಪದಗಳನ್ನು ಅವರು ಹೋದ ಮೇಲೆ ನಾನು ಒಮ್ಮೆ ಕೇಳಿದ್ದೆ. ಚೆನ್ನಾಗಿ ಹಾಡಿದ್ದರು, ನಡುವೆ ಒಂದೆಡೆ ಕೆಮ್ಮಿ "ಮತ್ತ ಹಿಡೀರಿ" ಎಂದಿದ್ದರು. ಆಗಲೂ ನನಗೆ ಏನೂ ಅನಿಸಿರಲಿಲ್ಲ. ಈಗ ಮೇಳದವರ ಮುಖ ನೋಡುತ್ತ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ಹೊದಿಕೆಯ ಮೇಲೆ ಚೆಂಡುಹೂವಿನ ಮಾಲೆ ಹಾಕಿದ ಫೋಟೋ. "ಚೆಂಡುಹೂವಿನ ವರ್ಷ ಅಂದ್ರ ಭಾಳ ಚಲೋ ಬಿಡ್ರಿ."

"ಬ್ಯಾಡ" ಎಂದೆ.

"ಯಾಕ್ರಿ ವೈನಿ? ಅಣ್ಣ ಯಾವತ್ತೂ ತಪ್ಪಿಸಿದಾಂವ ಅಲ್ಲ."

"ಗೊತ್ತೈತಿ. ನನ್ನ ಕೂಸು ಹ್ವಾದ ವರ್ಷದ ಮ್ಯಾಲೆ ನೀವೆಲ್ಲಾ ಕೂಡಿ ಒಂದ ನವಲ ಕುಂದರಿಸಿದ್ರಿ. ಈ ವರ್ಷದ ಮ್ಯಾಲೆ ಏನೂ ಕುಂದರಸಬ್ಯಾಡ್ರಿ. ಖಾಲಿ ಇರ್ಲಿ."

ಮೈದುನ ತಲೆ ತಗ್ಗಿಸಿದ. ಕೊಟ್ಟ ಚಹಾ ಕುಡಿದು ಹೋದರು. ಮೊಬೈಲನ್ನು ನಾನು ಟ್ರಂಕಿನಲ್ಲಿ ಸೀರೆಗಳ ಕೆಳಗಿಟ್ಟೆ.

ಶ್ರಾವಣದ ಮೊದಲ ಸೋಮವಾರ ಎಂದಿನಂತೆ ನಸುಕಿಗೆ ಎಚ್ಚರವಾಯಿತು. ಅಂಗಳಕ್ಕೆ ನೀರು ಹೊಡೆದು ಕಸಬರಿಗೆ ಹಿಡಿದೆ. ಮಠದ ಮೈಕು ಸುಮ್ಮನಿತ್ತು. ಬೆಳಕು ಹರಿಯಿತು, ಹಾಲಿನವನು ಬಂದು ಹೋದ, ಆದರೂ ಓಣಿಯ ಒಂದು ಮನೆಯಿಂದಲೂ ಸದ್ದಿಲ್ಲ. ಕ್ಯಾಸೆಟ್ಟಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಮೊದಲು ಟೀವಿ ಹಚ್ಚಲು ಯಾರಿಗೂ ಕೈ ಬಂದಿರಲಿಲ್ಲ.

ಎದುರು ಮನೆಯ ಆಯಿ ಕಟ್ಟೆಯ ಮೇಲೆ ಬಂದು ಕೂತಳು. ಅವರನ್ನು ಮಣ್ಣು ಮಾಡಿದ ದಿನ ನನ್ನನ್ನು ತಬ್ಬಿ ನನ್ನ ಪಾಲಿನದನ್ನೂ ತಾನೇ ಅತ್ತವಳು. ಆದರೆ ಎಷ್ಟೋ ವರ್ಷದ ರೂಢಿ, ಬಾಯಿ ತಾನಾಗಿ ಕೇಳಿತು: "ಯಾಕವ್ವಾ, ಇನ್ನಾ ಹಚ್ಚವಲ್ರಲ್ಲ?"

"ಈ ವರ್ಷ ಇಲ್ಲಾ ಆಯಿ" ಎಂದೆ. ಅಷ್ಟಕ್ಕೇ ನಿಲ್ಲಿಸುವವಳಿದ್ದೆ. "ಇದು ಅವರು ಸತ್ತ ವರ್ಷ."

ಅದನ್ನು ನಾನು ನನ್ನ ಬಾಯಿಂದ ಹೇಳಿದ್ದು ಅದೇ ಮೊದಲು. ಹಸಿ ಅಂಗಳದಲ್ಲೇ ಕೂತುಬಿಟ್ಟೆ. ಅವರಿಗಾಗಿ ಅತ್ತೆ, ಹೆಸರಿಡದೆ ಹೋದ ಆ ಕೂಸಿಗಾಗಿಯೂ ಅತ್ತೆ. ಯಾರ ಮನೆಯಲ್ಲೂ ಇನ್ನೂ ಟೀವಿ ಹಚ್ಚಿರಲಿಲ್ಲ, ಓಣಿಗೆಲ್ಲ ಕೇಳಿಸಿತು.